ತೆಂಗಿನ ನೆರಳು, ತೀರಿಕೊಂಡ ಅಪ್ಪನ ಆರ್‌ಆರ್ ನಂಬರು: ಒಂದು ಮನೆಯ ಸೌರ ಸಹಾಯಧನದ ಪ್ರಕರಣ

ಈ ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಊರಿನ ಹೆಸರಿಲ್ಲ, ಮನುಷ್ಯರ ಹೆಸರಿಲ್ಲ, ಪ್ಯಾನಲ್ ಕೂರಿಸಿದ ಕಂಪನಿಯ ಹೆಸರೂ ಇಲ್ಲ. ಗುರುತು ಹತ್ತಬಾರದೆಂದು ಒಂದೆರಡು ಕಡೆ ವಿವರ ಆಚೀಚೆ ಮಾಡಿದ್ದೇನೆ. ನಾನು ವೈರಿಂಗ್ ಗುತ್ತಿಗೆದಾರ, ಸೌರ ಫಲಕ ಮಾರುವವನಲ್ಲ. ಈ ಮನೆಗೆ ಇಪ್ಪತ್ತು ವರ್ಷದಿಂದ ಫ್ಯೂಸು, ಪಂಪು, ಮಿಕ್ಸಿ ಸ್ವಿಚ್ಚು ಅಂತ ಹೋಗಿ ಬರುತ್ತಿರುವವನು. ಹಾಗಾಗಿ ಇದರಲ್ಲಿ ನನ್ನ ಒಂದು ತಪ್ಪೂ ಸೇರಿದೆ. ಅದನ್ನು ಮುಚ್ಚಿಟ್ಟರೆ ಬರೆದು ಪ್ರಯೋಜನವಿಲ್ಲ.

ಮನೆ ಮತ್ತು ಬಿಲ್ಲು

ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರ. ನಿವೃತ್ತ ಹೈಸ್ಕೂಲು ಮೇಷ್ಟ್ರು, ಅವರ ಹೆಂಡತಿ, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ಒಟ್ಟು ಆರು ಜನ. ಮನೆ ಮೇಷ್ಟ್ರ ಅಪ್ಪ ಕಟ್ಟಿಸಿದ್ದು. ಅವರು ಹೋದ ಮೇಲೆ ಅಣ್ಣತಮ್ಮಂದಿರು ಬಾಯಿಮಾತಿನಲ್ಲೇ ಜಾಗ ಹಂಚಿಕೊಂಡರು: ಪೂರ್ವದ ಹಳೆ ಮನೆ ಅಣ್ಣನಿಗೆ, ಪಶ್ಚಿಮದ ಖಾಲಿ ಜಾಗ ತಮ್ಮನಿಗೆ. ತಮ್ಮ ಅಲ್ಲೇ ಬೇರೆ ಮನೆ ಕಟ್ಟಿ ತನ್ನ ಹೆಸರಿಗೆ ಮೀಟರು ತೆಗೆದುಕೊಂಡರು. ಕಾಗದದಲ್ಲಿ ಇನ್ನೇನೂ ಬದಲಾಗಲಿಲ್ಲ. ಹಳೆ ಮನೆಯ ಕರೆಂಟ್ ಬಿಲ್ಲು ಹದಿನೇಳು ವರ್ಷದಿಂದಲೂ ತೀರಿಕೊಂಡ ಅಪ್ಪನ ಹೆಸರಿಗೇ ಬರುತ್ತಿತ್ತು.

2024ರ ಫೆಬ್ರುವರಿ 13ರಂದು, ಮನೆಯ ಛಾವಣಿಗೆ ಸೌರ ಫಲಕ ಹಾಕಿಸಲು ಸಹಾಯಧನ ಕೊಡುವ ಪಿಎಂ ಸೂರ್ಯ ಘರ್ ಯೋಜನೆ ಶುರುವಾಯಿತು. ಅದೇ ತಿಂಗಳ ಕೊನೆಗೆ ಕೇಂದ್ರ ಸಂಪುಟ 75,021 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಗುರಿ ಒಂದು ಕೋಟಿ ಮನೆ. ಮಾರ್ಚ್ ಮೊದಲ ವಾರ ಮೇಷ್ಟ್ರ ಫೋನು ಬಂತು. "ಸರ್ಕಾರ 78 ಸಾವಿರ ಕೊಡುತ್ತಂತಲ್ಲಪ್ಪ, ನಾವೂ ಹಾಕಿಸಿಬಿಡೋಣ."

ಅವರ ತವಕಕ್ಕೆ ಇನ್ನೊಂದು ಕಾರಣವೂ ಇತ್ತು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಬೀದಿಯ ಹೆಚ್ಚಿನ ಮನೆಗಳ ಬಿಲ್ಲು ಸೊನ್ನೆಗೆ ಇಳಿದಿತ್ತು. ಪಕ್ಕದ ತಮ್ಮನ ಮನೆಯದೂ ಸೊನ್ನೆ. ಆ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಮೇಷ್ಟ್ರ ಮನೆ ಯಾವ ತಿಂಗಳೂ 200ರ ಒಳಗೆ ನಿಂತದ್ದೇ ಇಲ್ಲ. "ಇಡೀ ಬೀದಿಗೆ ನಾನೊಬ್ಬನೇ ಕರೆಂಟ್ ದುಡ್ಡು ಕಟ್ತಿರೋನು" ಎನ್ನುವುದು ಅವರ ದಿನದ ಗೊಣಗಾಟ.

ಮೀಟರಿನ ಮುಂದೆ ಒಂದು ವಾರ

ಫೋನಿನಲ್ಲಿ ಮಾತಾಡುವಾಗ ಮೇಷ್ಟ್ರ ಮನಸ್ಸಿನಲ್ಲಿದ್ದ ಪ್ರಶ್ನೆ ಒಂದೇ, 78 ಸಾವಿರ ಹೇಗೆ ತಗೊಳ್ಳೋದು. ಸೊಸೆಯದು ಬೇರೆ. ಆಕೆ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವಳು. "ಸರ್, ನಮ್ಮನೇಲಿ ಇಷ್ಟು ಯೂನಿಟ್ ಎಲ್ಲಿಗೆ ಹೋಗ್ತಿದೆ ಅಂತ ಮೊದಲು ನೋಡೋಣ" ಅಂದಳು. ಇಡೀ ಪ್ರಕರಣದಲ್ಲಿ ದುಡ್ಡು ಉಳಿಸಿದ ಮೊದಲ ಮಾತು ಅದು.

ಒಂದು ವಾರ ಬೆಳಿಗ್ಗೆ ಸಂಜೆ ಮೀಟರ್ ಓದಿದೆವು. ತಿಂಗಳಿಗೆ ಸರಾಸರಿ 340 ಯೂನಿಟ್. ಅದರಲ್ಲಿ ಗೀಸರ್ ಒಂದೇ ನೂರನ್ನು ದಾಟುತ್ತಿತ್ತು. 2,000 ವ್ಯಾಟಿನ ಗೀಸರು ಒಂದು ಗಂಟೆ ಉರಿದರೆ 2 ಯೂನಿಟ್. ಆರು ಜನರ ಸ್ನಾನಕ್ಕೆ ಅದು ದಿನಕ್ಕೆ ಒಂದೂಮುಕ್ಕಾಲು ಗಂಟೆ ಉರಿಯುತ್ತಿತ್ತು. ತಮಾಷೆಯೆಂದರೆ ಛಾವಣಿಯ ಮೇಲೆ ಬಿಸಿನೀರಿನ ಸೋಲಾರ್ ಇದ್ದೇ ಇತ್ತು. ನಮ್ಮ ಕಡೆ ಸೋಲಾರ್ ಎಂದರೆ ಮೊದಲು ನೆನಪಾಗುವುದೇ ಅದು. ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ಎರಡು ವರ್ಷದಿಂದ ಉಗುರುಬೆಚ್ಚಗಿನ ನೀರು ಬರುತ್ತಿತ್ತು, ಹಾಗಾಗಿ ಎಲ್ಲರೂ ಗೀಸರಿಗೆ ಒಗ್ಗಿಹೋಗಿದ್ದರು. ಗಾಜಿನ ಕೊಳವೆಗಳನ್ನು ಬಿಚ್ಚಿ ನೋಡಿದರೆ ಒಳಗೆ ಬೆರಳ ದಪ್ಪ ಬಿಳಿ ಪದರ. ಎರಡು ಕೊಳವೆ ಒಡೆದಿದ್ದವು.

ಸೋಲಾರ್ ರಿಪೇರಿಗೆ 6,500 ರೂಪಾಯಿ. ಹೆಚ್ಚು ಹೊತ್ತು ತಿರುಗುವ ನಾಲ್ಕು ಹಳೆ ಫ್ಯಾನು ತೆಗೆದು ಬಿಎಲ್‌ಡಿಸಿ ಫ್ಯಾನು ಹಾಕಿಸಿದ್ದಕ್ಕೆ 12,000. ಹಳೆಯವು 75 ವ್ಯಾಟ್ ಎಳೆಯುತ್ತಿದ್ದವು, ಹೊಸವು 30ರ ಆಸುಪಾಸು. (ರಿಮೋಟು ಕಳೆದುಹೋಗುತ್ತದೆ ಎಂದು ಮೇಷ್ಟ್ರ ಹೆಂಡತಿ ಅದನ್ನು ದಾರ ಕಟ್ಟಿ ಗೋಡೆಗೆ ನೇತುಹಾಕಿದ್ದಾರೆ. ಒಳ್ಳೆಯ ಉಪಾಯ.) ಏಪ್ರಿಲ್ ಕೊನೆಗೆ ಬಳಕೆ 205 ಯೂನಿಟ್‌ಗೆ ಇಳಿಯಿತು. ಆಗ ಯೂನಿಟ್ ದರ 5 ರೂಪಾಯಿ 90 ಪೈಸೆ, ಮೇಲೆ ಶೇ 9 ತೆರಿಗೆ. ತಿಂಗಳಿಗೆ 860 ರೂಪಾಯಿಗಿಂತ ಹೆಚ್ಚು ಉಳಿಯಿತು. ಹಾಕಿದ 18,500 ಸುಮಾರು 21 ತಿಂಗಳಿಗೆ ವಾಪಸು.

ಈ ಖರ್ಚಿಗೆ ಯಾರೂ ಒಂದು ಪೈಸೆ ಸಹಾಯಧನ ಕೊಡಲಿಲ್ಲ. ಆದರೂ ಇಡೀ ಯೋಜನೆಯಲ್ಲಿ ಬೇಗ ದುಡ್ಡು ಹಿಂದಿರುಗಿಸಿದ್ದು ಇದೇ. ಸಹಾಯಧನ ಇರುವ ವಸ್ತುವಿನ ಮೇಲೆ ನಮ್ಮ ಕಣ್ಣು ಎಷ್ಟು ನೆಟ್ಟಿರುತ್ತದೆಂದರೆ ಇಲ್ಲದ್ದು ಕಾಣುವುದೇ ಇಲ್ಲ. ಅದಿರಲಿ, ಇರುವ ರಿಯಾಯಿತಿಯೂ ಕೆಲವೊಮ್ಮೆ ಕಾಣುವುದಿಲ್ಲ. ಬಿಸಿನೀರಿನ ಸೋಲಾರ್ ಇರುವ ಮನೆಗೆ ಯೂನಿಟ್‌ಗೆ 50 ಪೈಸೆಯಂತೆ, ತಿಂಗಳಿಗೆ ಗರಿಷ್ಠ 50 ರೂಪಾಯಿ ಬಿಲ್ಲಿನಲ್ಲಿ ಕಡಿತ ಮಾಡುವ ಪದ್ಧತಿ ನಮ್ಮ ರಾಜ್ಯದಲ್ಲಿ ಬಹಳ ವರ್ಷಗಳಿಂದ ಇತ್ತು. ಅದಕ್ಕೊಂದು ಅರ್ಜಿ ಕೊಡಬೇಕಿತ್ತು. ಇವರು ಕೊಟ್ಟೇ ಇರಲಿಲ್ಲ. ಸೋಲಾರ್ ಸರಿಯಾಗಿ ಕೆಲಸ ಮಾಡಿದ ಏಳು ವರ್ಷಕ್ಕೆ 4,200 ರೂಪಾಯಿ ಹಾಗೇ ಬಿಟ್ಟಿದ್ದರು. ಸೊಸೆ ಅದನ್ನು ಲೆಕ್ಕ ಹಾಕಿ ಹೇಳಿದಾಗ ಮೇಷ್ಟ್ರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅಪ್ಪನ ಹೆಸರು, ತಮ್ಮನ ಮರ

ಈಗ ಛಾವಣಿಯ ಪ್ಯಾನಲ್ಲಿನ ವಿಷಯ. ಯೋಜನೆಯ ಪೋರ್ಟಲ್‌ನಲ್ಲಿ ಕರೆಂಟ್ ಬಿಲ್ಲಿನ ಗ್ರಾಹಕ ಸಂಖ್ಯೆ ಹಾಕಿದ ಕೂಡಲೇ ಅಪ್ಪನ ಹೆಸರು ಬಂತು. ಅರ್ಜಿದಾರರ ಹೆಸರು, ಬಿಲ್ಲಿನ ಹೆಸರು, ಸಹಾಯಧನ ಬೀಳುವ ಬ್ಯಾಂಕ್ ಖಾತೆಯ ಹೆಸರು, ಮೂರೂ ಒಂದೇ ಆಗಬೇಕು. ಹದಿನೇಳು ವರ್ಷದ ಹಿಂದೆ ಹೋದವರ ಖಾತೆಗೆ ಯಾರೂ ದುಡ್ಡು ಹಾಕುವುದಿಲ್ಲ.

ಆರ್‌ಆರ್ ನಂಬರಿನ, ಅಂದರೆ ಮನೆಯ ಕರೆಂಟ್ ಸಂಪರ್ಕದ ಸಂಖ್ಯೆಯ, ಹೆಸರು ಬದಲಾಯಿಸಲು ಮೇಷ್ಟ್ರು ಕರೆಂಟ್ ಕಂಪನಿಯ ಸೆಕ್ಷನ್ ಆಫೀಸಿಗೆ ಹೋದರು. ಮರಣ ಪ್ರಮಾಣಪತ್ರ, ವಂಶವೃಕ್ಷ, ಮನೆಯ ದಾಖಲೆ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಕೇಳಿದರು. ಮರಣ ಪ್ರಮಾಣಪತ್ರ ಇತ್ತು. ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರು. ತಮ್ಮನ ಒಪ್ಪಿಗೆಯೊಂದು ಬೇಕು, ಪಕ್ಕದ ಮನೆ, ಒಂದು ಸಂಜೆಯ ಕೆಲಸ ಅಂದುಕೊಂಡೆವು.

ಇಲ್ಲಿ ನನ್ನ ತಪ್ಪು. ಅದೇ ವಾರ ನಾನು ಛಾವಣಿ ಹತ್ತಿ ನೆರಳು ನೋಡಿದ್ದೆ. ತಮ್ಮನ ಹಿತ್ತಲಲ್ಲಿ, ಅಣ್ಣನ ಮನೆಗೆ ನೈಋತ್ಯಕ್ಕೆ, ಎತ್ತರದ ತೆಂಗಿನ ಮರವೊಂದಿದೆ. ಮಧ್ಯಾಹ್ನ ಮೂರರ ಮೇಲೆ ಅದರ ಗರಿಗಳ ನೆರಳು ಅಣ್ಣನ ಛಾವಣಿಯ ಮೇಲೆ ಬೀಳುತ್ತಿತ್ತು. ಪ್ಯಾನಲ್‌ಗಳನ್ನು ಸಾಮಾನ್ಯವಾಗಿ ಸರಣಿಯಲ್ಲಿ ಜೋಡಿಸುತ್ತಾರೆ. ಕಣಕ್ಕೆ ಕಟ್ಟಿದ ಎತ್ತುಗಳಲ್ಲಿ ಒಂದು ನಿಂತರೆ ಉಳಿದವುಗಳ ಓಟವೂ ಕುಂಟುವ ಹಾಗೆ, ಒಂದು ಪ್ಯಾನಲ್ಲಿನ ಒಂದು ಮೂಲೆಗೆ ಗರಿಯ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಸಿಯುತ್ತದೆ. ನೆರಳು ಬಿದ್ದ ಭಾಗವನ್ನು ಬಿಟ್ಟು ಕರೆಂಟನ್ನು ದಾಟಿಸುವ ಬೈಪಾಸ್ ಡಯೋಡುಗಳು ಸ್ವಲ್ಪ ಕಾಪಾಡುತ್ತವೆ, ಪೂರ್ತಿ ಅಲ್ಲ. ನಾನು ಮೇಷ್ಟ್ರಿಗೆ ಸಲೀಸಾಗಿ ಹೇಳಿಬಿಟ್ಟೆ, "ಸಹಿ ಕೇಳೋಕೆ ಹೋಗ್ತೀರಲ್ಲ, ಮರದ ವಿಷಯವನ್ನೂ ಒಂದು ಮಾತು ಹಾಕಿ."

ಅವರು ಮರದ ಮಾತನ್ನೇ ಮೊದಲು ಹಾಕಿದರು. ಆಮೇಲೆ ಸಹಿಯ ಕಾಗದ ತೆಗೆದರು.

ತಮ್ಮನಿಗೆ ಕೇಳಿಸಿದ್ದು ಬೇರೆ. ಅಪ್ಪ ನೆಟ್ಟ ಮರ ಕಡಿಯಬೇಕಂತೆ, ಅಪ್ಪನ ಹೆಸರು ತೆಗೆಯಬೇಕಂತೆ, ಅದಕ್ಕೆ ನಾನು ಛಾಪಾ ಕಾಗದದ ಮೇಲೆ ಸಹಿ ಹಾಕಬೇಕಂತೆ. ನಾಳೆ ಮನೆಯೂ ನನ್ನದೇ, ಜಾಗವೂ ನನ್ನದೇ ಅಂತಾನೆ ಅಣ್ಣ. ಅವರು ಏನೂ ಕೂಗಾಡಲಿಲ್ಲ. "ನೋಡೋಣ ಬಿಡಣ್ಣ" ಅಂದು ಕಾಗದ ತೆಗೆದುಕೊಂಡು ಟಿವಿ ಮೇಲಿಟ್ಟರು. ಅದು ಐದು ತಿಂಗಳು ಅಲ್ಲೇ ಇತ್ತು.

ಕರೆಂಟ್ ಬಿಲ್ಲಿನ ಹೆಸರು ಬದಲಾದರೆ ಆಸ್ತಿಯ ಹಕ್ಕು ಬದಲಾಗುವುದಿಲ್ಲ. ಈ ಮಾತನ್ನು ನಾನು ತಮ್ಮನಿಗೆ ಎರಡು ಸಲ ಹೇಳಿದೆ. ಗುತ್ತಿಗೆದಾರನ ಬಾಯಿಂದ ಅದಕ್ಕೆ ತೂಕ ಬರಲಿಲ್ಲ. ಪ್ಯಾನಲ್ ಕಂಪನಿಯ ಹುಡುಗನೊಬ್ಬ ಅಡ್ಡದಾರಿ ತೋರಿಸಿದ: ಮಗನ ಹೆಸರಿನಲ್ಲಿ ಅದೇ ಮನೆಗೆ ಎರಡನೇ ಮೀಟರು ತಗೊಳ್ಳಿ, ಅದರ ಮೇಲೆ ಅರ್ಜಿ ಹಾಕೋಣ. ಮೇಷ್ಟ್ರು ಅರೆಮನಸ್ಸಿನಲ್ಲಿದ್ದರು. ಸೊಸೆ ತಡೆದಳು. ಆಕೆಯ ಲೆಕ್ಕದಲ್ಲಿ ಎರಡು ಮೀಟರೆಂದರೆ ಎರಡು ನಿಗದಿತ ಶುಲ್ಕ, ಮನೆಯ ವೈರಿಂಗ್ ಒಡೆದು ಎರಡು ಮಾಡುವ ಖರ್ಚು, ಮತ್ತು ಅಪ್ಪನ ಹೆಸರಿನ ಗಂಟು ಹಾಗೇ ಉಳಿಯುವುದು. "ಇವತ್ತು ಬಿಚ್ಚದಿದ್ರೆ ಇದನ್ನ ನಮ್ಮ ಮಕ್ಕಳು ಬಿಚ್ಚಬೇಕಾಗುತ್ತೆ ಮಾವ" ಅಂದಳು.

ಗಂಟು ಬಿಚ್ಚಿದ್ದು ಯಾರೂ ಎಣಿಸದ ಕಡೆಯಿಂದ. ವಂಶವೃಕ್ಷ ಕೈಗೆ ಬಂದಾಗ ಅದರಲ್ಲಿ ಮೂರು ಹೆಸರಿದ್ದವು. ಮದುವೆಯಾಗಿ ಬೇರೆ ಊರಲ್ಲಿರುವ ತಂಗಿಯೂ ವಾರಸುದಾರಳೇ, ಆಕೆಯ ಸಹಿಯೂ ಬೇಕು. ಅಣ್ಣತಮ್ಮಂದಿರಿಬ್ಬರಿಗೂ ಅದು ಹೊಳೆದೇ ಇರಲಿಲ್ಲ. ಆ ವರ್ಷ ಗೌರಿ ಹಬ್ಬ ಸೆಪ್ಟೆಂಬರ್ 6ಕ್ಕೆ ಬಂತು. ತಂಗಿ ತವರಿಗೆ ಬಂದಳು, ಇಬ್ಬರು ಅಣ್ಣಂದಿರ ಮನೆಯಲ್ಲೂ ಬಾಗಿನ ತಗೊಂಡಳು. ಊಟವಾದ ಮೇಲೆ ದೊಡ್ಡಣ್ಣ ಕೊಟ್ಟ ಕಾಗದ ಓದಿ ಸಹಿ ಹಾಕಿದಳು. ಆಮೇಲೆ ಪಕ್ಕದ ಮನೆಗೆ ಹೋಗಿ ಟಿವಿ ಮೇಲಿನ ಕಾಗದ ತೆಗೆದಳು. "ಚಿಕ್ಕಣ್ಣ, ನಾನೇ ಹಾಕಿದೀನಿ. ನನಗೇ ಹೋಗದಿರೋದು ನಿನಗೇನು ಹೋಗುತ್ತೆ?" ಮರದ ಮಾತೇ ಎತ್ತಲಿಲ್ಲ. ನಾನು ಆ ಹೊತ್ತಿಗೆ ಮೇಷ್ಟ್ರಿಗೆ ಕೈಮುಗಿದು ಹೇಳಿದ್ದೆ, ಮರವನ್ನು ಮರೆತುಬಿಡಿ, ಜಾಗ ಬದಲಾಯಿಸೋಣ ಎಂದು.

ನವೆಂಬರ್ ಹೊತ್ತಿಗೆ ಬಿಲ್ಲು ಮೇಷ್ಟ್ರ ಹೆಸರಿಗೆ ಬಂತು. ಜೊತೆಗೇ ಸೊಸೆ ಇನ್ನೊಂದು ಸಣ್ಣ ಕೆಲಸ ಮುಗಿಸಿದ್ದಳು. ಆಧಾರ್‌ನಲ್ಲಿ ಮೇಷ್ಟ್ರ ಹೆಸರು ಅಪ್ಪನ ಹೆಸರಿನೊಂದಿಗೆ ಬಿಡಿಸಿ ಬರೆದಿತ್ತು, ಪಾಸ್‌ಬುಕ್ಕಿನಲ್ಲಿ ಬರೀ ಇನಿಷಿಯಲ್. ಬ್ಯಾಂಕಿಗೆ ಹೋಗಿ ಒಂದೇ ರೀತಿ ಮಾಡಿಸಿದಳು. ನೋಡಿದರೆ ಏನೂ ಅಲ್ಲದ ಕೆಲಸ.

ಸೀಮೆಸುಣ್ಣದ ಗೆರೆಗಳು

ತಡವಾದದ್ದರಿಂದ ಒಂದು ಲಾಭವಾಯಿತು, ಅದನ್ನು ಒಪ್ಪಿಕೊಳ್ಳಲೇಬೇಕು. ಮಾರ್ಚ್‌ನಲ್ಲಿ ನಾನು ಮೇಷ್ಟ್ರ ಹಳೆ ಪೆಟ್ಟಿಗೆಯ ಸೀಮೆಸುಣ್ಣದಿಂದ ಛಾವಣಿಯ ಮೇಲೆ ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ ಹನ್ನೆರಡು, ಮೂರು ಗಂಟೆಯ ನೆರಳುಗಳಿಗೆ ಗೆರೆ ಎಳೆದಿದ್ದೆ. ಆ ಗೆರೆಗಳ ಪ್ರಕಾರ ಛಾವಣಿಯ ನಡುವೆ ಇಟ್ಟರೆ ಸಾಕಿತ್ತು. ಡಿಸೆಂಬರ್‌ನಲ್ಲಿ ಮತ್ತೆ ಹತ್ತಿ ನೋಡಿದರೆ ಸೂರ್ಯ ದಕ್ಷಿಣಕ್ಕೆ ಸರಿದು ತೆಂಗಿನ ನೆರಳು ಉದ್ದವಾಗಿ ಈಶಾನ್ಯಕ್ಕೆ ಚಾಚಿತ್ತು. ಎರಡು ಗಂಟೆಗೇ ಮಾರ್ಚ್‌ನ ಗೆರೆ ದಾಟಿ ಹನ್ನೆರಡು ಅಡಿ ಒಳಗೆ ಬಂದಿತ್ತು. ಏಪ್ರಿಲ್‌ನಲ್ಲೇ ಹಾಕಿಸಿದ್ದರೆ ಪ್ರತಿ ಚಳಿಗಾಲ ಮಧ್ಯಾಹ್ನದ ಅರ್ಧ ಬಿಸಿಲು ಕೈತಪ್ಪುತ್ತಿತ್ತು. ಆ ಮೇಲೆ ಮರದ ಜಗಳ ಮತ್ತೆ ಏಳದೆ ಇರುತ್ತಿತ್ತೇ?

ಹಾಗಾಗಿ ಮೆಟ್ಟಿಲ ಮನೆಯಾಚೆಗಿನ ಪೂರ್ವದ ಅಂಚನ್ನು ಆರಿಸಿದೆವು. ಪಶ್ಚಿಮದ ಭಾಗ ಮೇಷ್ಟ್ರ ಹೆಂಡತಿಗೆ ಉಳಿಯಿತು. "ಬಿಸಿಲೆಲ್ಲ ನೀವೇ ತಗೊಂಡ್ರೆ ನನ್ನ ಸಂಡಿಗೆ ಎಲ್ಲಿ ಒಣಗಿಸ್ಲಿ?" ಎಂದು ಅವರು ಮೊದಲ ದಿನದಿಂದಲೂ ಕೇಳುತ್ತಿದ್ದರು. ಬೇಸಿಗೆಯ ಸಂಡಿಗೆಗೆ ಮಧ್ಯಾಹ್ನ ಮೂರರವರೆಗಿನ ಬಿಸಿಲು ಧಾರಾಳ ಸಾಕು.

ಎಷ್ಟು ಕಿಲೋವ್ಯಾಟ್?

ಸಹಾಯಧನದ ಲೆಕ್ಕ ಹೀಗಿದೆ. ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000. ಅಲ್ಲಿಗೆ 78,000. ಅದರ ಮೇಲೆ 4 ಹಾಕಿಸಿ, 5 ಹಾಕಿಸಿ, ಮನೆಗೆ ಸಿಗುವುದು 78,000ವೇ. ಆದರೂ ಬಂದ ಮೊದಲ ಏಜೆಂಟ್ 5 ಕಿಲೋವ್ಯಾಟ್‌ನಿಂದಲೇ ಮಾತು ಶುರು ಮಾಡಿದ, ಬೆಲೆ 2,90,000. ಎರಡನೆಯವನು 3 ಕಿಲೋವ್ಯಾಟ್ ಬರೀ 1,50,000ಕ್ಕೆ, ಸಹಾಯಧನ ಕಳೆದು 72,000 ಮಾತ್ರ ಅಂದ. ಅಷ್ಟು ಅಗ್ಗ ಹೇಗೆ ಎಂದು ಸೊಸೆ ಪ್ಯಾನಲ್ಲಿನ ಕಾಗದ ಕೇಳಿದಳು. ಈ ಯೋಜನೆಯ ಸಹಾಯಧನಕ್ಕೆ ಪ್ಯಾನಲ್ಲೂ ಅದರೊಳಗಿನ ಸೆಲ್ಲೂ ಭಾರತದಲ್ಲೇ ತಯಾರಾಗಿರಬೇಕು. ವ್ಯಾಪಾರದವರು ಡಿಸಿಆರ್ ಪ್ಯಾನಲ್ ಅನ್ನುವುದು ಇದಕ್ಕೇ. ಅವನದು ಡಿಸಿಆರ್ ಆಗಿರಲಿಲ್ಲ. ಅಗ್ಗಕ್ಕೆ ಹಾಕಿಸಿಕೊಂಡಿದ್ದರೆ ಆ 78,000 ಬರುತ್ತಲೇ ಇರಲಿಲ್ಲ.

ಮೂರನೆಯವನ ಬೆಲೆಗಳು: ಡಿಸಿಆರ್ ಪ್ಯಾನಲ್ಲಿನಲ್ಲಿ 3 ಕಿಲೋವ್ಯಾಟ್‌ಗೆ 1,85,000, 2 ಕಿಲೋವ್ಯಾಟ್‌ಗೆ 1,35,000. ಸಹಾಯಧನ ಕಳೆದರೆ 1,07,000 ಮತ್ತು 75,000. ಮೇಷ್ಟ್ರಿಗೆ 3 ಬೇಕಿತ್ತು, 18 ಸಾವಿರ ಸುಮ್ಮನೆ ಬಿಡುವುದೇ ಎಂದು. ಒಂದು ಸಂಜೆ ಪೂರ್ತಿ ಇದರ ಮೇಲೇ ಹೋಯಿತು.

ಬಳಕೆ 205 ಯೂನಿಟ್. ಮಗ ಎಲೆಕ್ಟ್ರಿಕ್ ಸ್ಕೂಟರ್ ಕೊಂಡಿದ್ದ, ಅದಕ್ಕೆ ಇನ್ನೊಂದು 40. ಒಟ್ಟು 245. ನಮ್ಮ ಬಿಸಿಲಿಗೆ 1 ಕಿಲೋವ್ಯಾಟ್ ತಿಂಗಳಿಗೆ 110 ಯೂನಿಟ್ ಆಸುಪಾಸು ಕೊಡುತ್ತದೆ. 2 ಕಿಲೋವ್ಯಾಟ್ ಬಳಕೆಗೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಮೂರನೇ ಕಿಲೋವ್ಯಾಟ್‌ಗೆ ಕೈಯಿಂದ 32,000 ಹಾಕಬೇಕು, ಅದು ತಯಾರಿಸಿದ್ದರಲ್ಲಿ ಬಹುಪಾಲು ಗ್ರಿಡ್‌ಗೆ, ಅಂದರೆ ಕರೆಂಟ್ ಕಂಪನಿಯ ಲೈನಿಗೆ, ಹೋಗುತ್ತದೆ. ಗ್ರಿಡ್‌ಗೆ ಕೊಟ್ಟ ಹೆಚ್ಚುವರಿ ಯೂನಿಟ್‌ಗೆ ಸಿಗುವ ದರ, ನಾವು ಕೊಳ್ಳುವ ದರದ ಅರ್ಧದಷ್ಟೂ ಇರಲಿಲ್ಲ. ಇನ್ನೊಂದು ಕೊಕ್ಕೆಯಿತ್ತು. ಮನೆಯ ಮಂಜೂರಾದ ಲೋಡ್, ಅಂದರೆ ಒಮ್ಮೆಲೇ ಎಳೆಯಲು ಕರೆಂಟ್ ಕಂಪನಿ ಒಪ್ಪಿದ ಮಿತಿ, 2 ಕಿಲೋವ್ಯಾಟ್. 3 ಹಾಕಿಸಿದರೆ ಲೋಡನ್ನೂ 3ಕ್ಕೆ ಏರಿಸಬೇಕು, ಆಗ ಕಿಲೋವ್ಯಾಟ್‌ಗೆ ತಿಂಗಳಿಗೆ 120 ರೂಪಾಯಿಯಂತೆ ಇದ್ದ ನಿಗದಿತ ಶುಲ್ಕವೂ ಏರುತ್ತದೆ. ಛಾವಣಿಯಲ್ಲಿ ಎಷ್ಟೇ ಕರೆಂಟು ಹುಟ್ಟಲಿ, ಆ ಶುಲ್ಕ ತಪ್ಪುವುದಿಲ್ಲ.

ಎರಡಕ್ಕೇ ನಿಂತೆವು. "18 ಸಾವಿರ ಬಿಟ್ವಲ್ಲ" ಎಂದು ಮೇಷ್ಟ್ರು ಆ ರಾತ್ರಿಯೂ ಅಂದರಂತೆ.

ಹಣ ಕೊಟ್ಟ ಕ್ರಮ

ಸಹಾಯಧನ ಮೊದಲು ಬರುವುದಿಲ್ಲ. ಪೂರ್ತಿ 1,35,000 ಮೊದಲು ನಾವೇ ಕೊಡಬೇಕು. ಕೆಲಸ ಮುಗಿದು, ನೆಟ್ ಮೀಟರ್ (ಗ್ರಿಡ್‌ನಿಂದ ಬಂದದ್ದು, ಗ್ರಿಡ್‌ಗೆ ಹೋದದ್ದು ಎರಡನ್ನೂ ಎಣಿಸುವ ಮೀಟರು) ಕೂತು, ಪರಿಶೀಲನೆಯಾಗಿ, ಪೋರ್ಟಲ್‌ನಲ್ಲಿ ಬ್ಯಾಂಕ್ ವಿವರ ಹಾಕಿದ ಮೇಲೆ ಅದು ನೇರ ಗ್ರಾಹಕರ ಖಾತೆಗೆ ಬೀಳುತ್ತದೆ. ಈ ಯೋಜನೆಗೆ ಬ್ಯಾಂಕುಗಳು ಅಡಮಾನವಿಲ್ಲದ ಕಡಿಮೆ ಬಡ್ಡಿಯ ಸಾಲ ಕೊಡುತ್ತವೆ, ಆಗ ಶೇ 7ರ ಹತ್ತಿರ ಇತ್ತು. ಮೇಷ್ಟ್ರು ಈ ವಯಸ್ಸಲ್ಲಿ ಸಾಲ ಬೇಡವೆಂದು ಠೇವಣಿ ಮುರಿಸಿದರು.

ಕಂಪನಿ ಕೇಳಿದ್ದು ಮುಂಗಡ ಶೇ 80. ಇಲ್ಲಿ ಮಾತ್ರ ನಾನು ಪಟ್ಟು ಹಿಡಿದೆ: ಒಪ್ಪಂದಕ್ಕೆ ಶೇ 20, ಸಾಮಾನು ಮನೆಗೆ ಬಂದ ದಿನ ಶೇ 60, ಉಳಿದ ಶೇ 20, ಅಂದರೆ 27,000, ನೆಟ್ ಮೀಟರ್ ಕೂತ ಮೇಲೆ. ಅವರು ಒಲ್ಲದ ಮನಸ್ಸಿನಿಂದ ಒಪ್ಪಿದರು. 10 ಕಿಲೋವ್ಯಾಟ್ ಒಳಗಿನ ಅರ್ಜಿಗೆ ತಾಂತ್ರಿಕ ಸಾಧ್ಯತೆಯ ಪರಿಶೀಲನೆಗೆ ಕಾಯಬೇಕಿಲ್ಲ ಎಂದು 2024ರಲ್ಲೇ ನಿಯಮ ಬದಲಾಗಿದ್ದರಿಂದ ಅರ್ಜಿ ಸಲೀಸಾಗಿ ಮುಂದೆ ಹೋಯಿತು. 2025ರ ಜನವರಿಯಲ್ಲಿ ಎರಡೇ ದಿನದಲ್ಲಿ 540 ವ್ಯಾಟಿನ ನಾಲ್ಕು ಪ್ಯಾನಲ್, ಅವುಗಳ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿಗೆ ಬದಲಿಸುವ 2 ಕಿಲೋವ್ಯಾಟ್ ಇನ್ವರ್ಟರ್ ಕೂರಿಸಿದರು.

ಎರಡನೇ ದಿನ ಸಂಜೆ ಹೋಗಿ ನೋಡಿದರೆ ಅರ್ತಿಂಗ್ ಗುಂಡಿ ಎರಡೇ. ಡಿಸಿ ಕಡೆಗೊಂದು, ಎಸಿ ಕಡೆಗೊಂದು, ಸಿಡಿಲು ತಡೆಯುವ ಸಲಾಕೆಗೆ ಪ್ರತ್ಯೇಕ ಒಂದು ಅಂತ ಮೂರಿರಬೇಕು. ಹುಡುಗರು ಸಲಾಕೆಯ ತಂತಿಯನ್ನು ಎಸಿ ಗುಂಡಿಗೇ ಸೇರಿಸಿದ್ದರು. "ಎಲ್ಲ ಕಡೆ ಹೀಗೇ ಮಾಡ್ತೀವಿ ಸರ್." ಸಿಡಿಲು ಹೊಡೆದರೆ ಅದೇ ದಾರಿಯಲ್ಲಿ ಮನೆಯೊಳಗೆ ಬರುತ್ತದೆ. ಮರುದಿನ ಮೂರನೇ ಗುಂಡಿ ತೋಡಿಸಿದೆ. ಅವರು ಗೊಣಗದೆ ತೋಡಿದ್ದು ಆ 27,000 ಇನ್ನೂ ಮೇಷ್ಟ್ರ ಬಳಿ ಇತ್ತೆಂಬ ಕಾರಣಕ್ಕೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ನೆಟ್ ಮೀಟರಿಗೆ ಆರು ವಾರ ಹಿಡಿಯಿತು. ಆ ಆರು ವಾರವೂ ಆಫೀಸಿಗೆ ಓಡಾಡಿದ್ದು ಕಂಪನಿಯವರು, ಮೇಷ್ಟ್ರಲ್ಲ.

ಮಾರ್ಚ್‌ನಲ್ಲಿ 60,000 ರೂಪಾಯಿ ಖಾತೆಗೆ ಬಿತ್ತು.

ಕರೆಂಟ್ ಹೋದ ಮಧ್ಯಾಹ್ನ

ಮೀಟರ್ ಕೂತ ಎರಡನೇ ವಾರ ಸೊಸೆಯ ಫೋನು. "ಸರ್, ಸುಡುಸುಡು ಬಿಸಿಲಿದೆ, ಬೀದಿಗೆಲ್ಲ ಕರೆಂಟಿಲ್ಲ, ನಮ್ಮನೇಲೂ ಇಲ್ಲ!" ಇದನ್ನು ನಾನು ಮೊದಲೇ ಹೇಳಬೇಕಿತ್ತು, ಏಜೆಂಟರಂತೂ ಹೇಳಲೇ ಇಲ್ಲ. ಗ್ರಿಡ್‌ಗೆ ಜೋಡಿಸಿದ ಇನ್ವರ್ಟರ್, ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ನಿಲ್ಲದಿದ್ದರೆ ನಮ್ಮ ಛಾವಣಿಯ ಕರೆಂಟು ಲೈನಿಗೆ ಹರಿದು ಕಂಬದ ಮೇಲಿರುವ ಲೈನ್‌ಮನ್‌ಗೆ ಹೊಡೆಯುತ್ತದೆ. ಬ್ಯಾಟರಿ ಇರುವ ಹೈಬ್ರಿಡ್ ವ್ಯವಸ್ಥೆಯಾದರೆ ಬೇರೆ ಮಾತು, ಅದರ ಖರ್ಚೂ ಬೇರೆ. ಮೇಷ್ಟ್ರ ಮನೆಯ ಹಳೆ ಯುಪಿಎಸ್ ಆವತ್ತು ಫ್ಯಾನು ತಿರುಗಿಸಿತು, ಇವತ್ತಿಗೂ ತಿರುಗಿಸುತ್ತಿದೆ. ಆದರೆ "ಸೋಲಾರ್ ಹಾಕಿಸಿದ್ರೂ ಕರೆಂಟ್ ಹೋಗುತ್ತೆ" ಎನ್ನುವ ಬೇಸರ ಆ ಮನೆಯಿಂದ ಪೂರ್ತಿ ಹೋಗಿಲ್ಲ.

ಒಂದು ವರ್ಷದ ಮೇಲೆ

ಮೊದಲ ಹನ್ನೆರಡು ತಿಂಗಳಲ್ಲಿ 2,610 ಯೂನಿಟ್ ಹುಟ್ಟಿತು. ಮಾರ್ಚ್‌ನಲ್ಲಿ ಅತಿ ಹೆಚ್ಚು, 268. ಮೋಡದ ಜುಲೈನಲ್ಲಿ 148. ಹದಿನೈದು ದಿನಕ್ಕೊಮ್ಮೆ ಮಗ ಬೆಳಿಗ್ಗೆ ಆರಕ್ಕೆ, ಗಾಜು ಕಾಯುವ ಮುಂಚೆ, ಪೈಪು ಹಿಡಿದು ತೊಳೆಯುತ್ತಾನೆ. ಒಮ್ಮೆ ತಿಂಗಳು ಬಿಟ್ಟದ್ದು ಗ್ರಾಫಿನಲ್ಲಿ ಹಾಗೇ ಕಂಡಿತು.

2025ರ ಏಪ್ರಿಲ್‌ನಿಂದ ದರ ಬದಲಾಯಿತು. ಯೂನಿಟ್‌ಗೆ 10 ಪೈಸೆ ಇಳಿದು 5 ರೂಪಾಯಿ 80 ಪೈಸೆ, ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 120ರಿಂದ 145ಕ್ಕೆ. ಸೌರ ಫಲಕ ಹಾಕಿಸಿದವರಿಗೆ ಇದು ಎರಡು ಕಡೆಯಿಂದಲೂ ಸ್ವಲ್ಪ ಕಚ್ಚುವ ಬದಲಾವಣೆ: ನಾವು ಉಳಿಸುವುದರ ಬೆಲೆ ಇಳಿಯಿತು, ತಪ್ಪಿಸಲಾಗದ್ದು ಏರಿತು. ಲೋಡ್ 3ಕ್ಕೆ ಏರಿಸದಿದ್ದದ್ದು ಒಳ್ಳೆಯದಾಯಿತು ಎಂದು ಸೊಸೆ ಆಗ ಹೇಳಿದಳು. ಬಿಲ್ಲು ಹೆಚ್ಚಿನ ತಿಂಗಳು 300ರಿಂದ 600 ರೂಪಾಯಿಯೊಳಗೆ ಬರುತ್ತದೆ, ಜುಲೈನಲ್ಲಿ 900ರ ಹತ್ತಿರ ಹೋಗಿತ್ತು. ಸೊನ್ನೆ ಒಂದು ತಿಂಗಳೂ ಬಂದಿಲ್ಲ. ವರ್ಷಕ್ಕೆ ಉಳಿತಾಯ 16 ಸಾವಿರದ ಆಸುಪಾಸು. ಹಾಕಿದ 75,000 ಹಿಂದಿರುಗಲು ಸುಮಾರು ನಾಲ್ಕೂಮುಕ್ಕಾಲು ವರ್ಷ ಬೇಕು. ಈಗ ಹಾಕಿಸುವವರಿಗೆ ಸ್ವಲ್ಪ ಅನುಕೂಲ: 2025ರ ಸೆಪ್ಟೆಂಬರ್ 22ರಿಂದ ಸೌರ ಉಪಕರಣಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ.

2 ಕಿಲೋವ್ಯಾಟ್ ಸರಿಯಿತ್ತೇ? ನನಗೆ ಈಗ ಮೊದಲಿನಷ್ಟು ಗಟ್ಟಿಯಿಲ್ಲ. ಮೇ ತಿಂಗಳಲ್ಲಿ ಕೂಲರು, ರಜೆಗೆ ಬಂದ ನೆಂಟರು ಸೇರಿ ಬಳಕೆ 320 ಆಯಿತು. ಈ ವರ್ಷ ಸೊಸೆಯೂ ಎಲೆಕ್ಟ್ರಿಕ್ ಸ್ಕೂಟರ್ ನೋಡುತ್ತಿದ್ದಾಳೆ. ಹಿಂದಿನ ಬಿಲ್ಲುಗಳನ್ನು ಹರಡಿಕೊಂಡು ಕೂತ ನಾನು ಮುಂದಿನ ಐದು ವರ್ಷದಲ್ಲಿ ಆ ಮನೆಗೆ ಏನೇನು ಬರುತ್ತದೆ ಎಂದು ಅವರನ್ನು ಕೇಳಲೇ ಇಲ್ಲ. ಕೇಳಿದ್ದರೂ ಎರಡೇ ಅನ್ನುತ್ತಿದ್ದೆನೋ ಏನೋ. ಮೇಷ್ಟ್ರು ಮಾತ್ರ ಜುಲೈ ಬಿಲ್ಲು ಬಂದಾಗ 18 ಸಾವಿರ ನೆನೆಸಿಕೊಳ್ಳುವುದನ್ನು ಬಿಟ್ಟಿಲ್ಲ.

ಕಳೆದ ತಿಂಗಳು ಪಂಪಿನ ಸ್ಟಾರ್ಟರ್ ನೋಡಲು ಹೋಗಿದ್ದೆ. ಬೆಳಿಗ್ಗೆ ಒಂಬತ್ತರ ಹೊತ್ತು. ಪಕ್ಕದ ಛಾವಣಿಯ ಮೇಲೆ ತಮ್ಮ ಬಗ್ಗಿ ನಿಂತಿದ್ದರು. ಮಗನ ಮದುವೆಯಾಗಿ ಮನೆಗೆ ಎಸಿ ಬಂದಿದೆ, 200 ಯೂನಿಟ್ ದಾಟಿ ಅವರ ಸೊನ್ನೆ ಬಿಲ್ಲೂ ಹೋಗಿದೆ. ಬೆಳಗಿನ ಬಿಸಿಲಿಗೆ ಅಪ್ಪನ ತೆಂಗಿನ ಮರದ ನೆರಳು ಈಗ ಅವರ ಛಾವಣಿಯ ಮೇಲೆಯೇ ಉದ್ದಕ್ಕೆ ಬಿದ್ದಿತ್ತು. ನನ್ನನ್ನು ಕಂಡು, "ಡಿಸೆಂಬರ್‌ದೂ ಎಳೀಬೇಕಾ, ಇದೊಂದೇ ಸಾಕಾ?" ಎಂದು ಕೇಳಿದರು. ಕೈಯಲ್ಲಿ ಅಣ್ಣನ ಪೆಟ್ಟಿಗೆಯ ಸೀಮೆಸುಣ್ಣವಿತ್ತು.